ಕುದುರೆಮುಖವೋ, ದೂಧ್‌ಸಾಗರವೋ: ಎರಡು ದಿನದ ಕಾರು ಪ್ರವಾಸಕ್ಕೆ ಯಾವುದು?

ಶನಿವಾರ, ಭಾನುವಾರ ಎರಡೇ ದಿನ ರಜೆ. ಕಾಡು ನೋಡಬೇಕು, ಜಲಪಾತವೂ ಬೇಕು. ಬೆಂಗಳೂರಿನಿಂದ ಹೀಗೆ ಕಾರು ಹತ್ತುವವರು ಸಾಮಾನ್ಯವಾಗಿ ಎರಡು ಹೆಸರಿನ ನಡುವೆ ತೂಗಾಡುತ್ತಾರೆ. ಒಂದು ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇನ್ನೊಂದು ಗೋವಾದ ಗಡಿಯಲ್ಲಿರುವ ಮೊಲೆಂ ರಾಷ್ಟ್ರೀಯ ಉದ್ಯಾನ, ಅಂದರೆ ದೂಧ್‌ಸಾಗರ್ ಇರುವ ಕಾಡು. ಎರಡಕ್ಕೂ ಮನೆಯವರ ಜೊತೆ ಕಾರಿನಲ್ಲೇ ಹೋಗಿ ಬಂದಿದ್ದೇನೆ. ಕುದುರೆಮುಖವನ್ನಂತೂ ಜೋರು ಮಳೆಯಲ್ಲೂ ನೋಡಿದ್ದೇನೆ, ಮಳೆ ನಿಂತ ಮೇಲೂ ನೋಡಿದ್ದೇನೆ. ಜಲಪಾತದ ಎತ್ತರ ನೋಡಿ ಜಾಗ ಆರಿಸಬೇಡಿ ಅನ್ನುವುದು ನನ್ನ ಮಾತು. ಯಾವ ತಿಂಗಳು, ಅಲ್ಲಿನ ಗೇಟು ಯಾವಾಗ ತೆರೆದಿರುತ್ತದೆ, ಎರಡು ದಿನದಲ್ಲಿ ಎಷ್ಟು ಹೊತ್ತು ಕಾಡಿನೊಳಗೆ ಕಳೆಯಬಹುದು, ಇದನ್ನು ನೋಡಿ.

ಎತ್ತರದ ಲೆಕ್ಕಕ್ಕೆ ಬಂದರೆ ಸ್ಪರ್ಧೆಯೇ ಇಲ್ಲ. ದೂಧ್‌ಸಾಗರ್ ಸುಮಾರು 310 ಮೀಟರ್ ಎತ್ತರದಿಂದ ಹಂತ ಹಂತವಾಗಿ ಇಳಿಯುತ್ತದೆ. ನಮ್ಮ ಜೋಗವೇ 253 ಮೀಟರ್. ಕುದುರೆಮುಖದ ಕದಂಬಿ, ಹನುಮನಗುಂಡಿ ಇವುಗಳ ಮುಂದೆ ಚಿಕ್ಕವು. ಆದರೆ ಮಳೆಗಾಲದ ವಾರಾಂತ್ಯಕ್ಕೆ ನಾನು ಕಣ್ಣು ಮುಚ್ಚಿ ಹೇಳುವುದು ಕುದುರೆಮುಖವನ್ನೇ.

ಕಾರಣ ದಾರಿ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಬಂದರೆ ಸುಮಾರು ಮುನ್ನೂರು ಕಿಲೋಮೀಟರ್ ಆಗಿರುತ್ತದೆ. ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಹೊರನಾಡು ಹತ್ತಿರವೇ ಇದೆ, ದೇವಸ್ಥಾನದಲ್ಲಿ ಊಟ ಮಾಡಿಕೊಂಡೇ ಮುಂದೆ ಹೋಗುವವರು ಜಾಸ್ತಿ. ಸಂಸೆ ಕಡೆ ತಿರುಗಿದ ಮೇಲೆ ಚಹಾ ತೋಟ ಮುಗಿದು ಬೆಟ್ಟ ಶುರುವಾಗುತ್ತದೆ. ಅಲ್ಲಿಂದ ಮುಂದೆ ಜಲಪಾತ ಹುಡುಕುವ ಕೆಲಸವೇ ಇಲ್ಲ. ಮಳೆಗಾಲದಲ್ಲಿ ರಸ್ತೆಯ ತಿರುವಿಗೊಂದು ತೊರೆ ಧುಮುಕುತ್ತಿರುತ್ತದೆ. ಅವಕ್ಕೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಕಾರಿನ ಕಿಟಕಿ ಇಳಿಸಿದರೆ ಸಾಕು, ಸದ್ದು ಒಳಗೇ ಬರುತ್ತದೆ.

ಕದಂಬಿ ಜಲಪಾತ ಎಸ್.ಕೆ. ಬಾರ್ಡರ್‌ನಿಂದ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಕುದುರೆಮುಖ ಊರಿಗೆ ಹೋಗುವ ರಸ್ತೆಗೆ ಅಂಟಿಕೊಂಡೇ ಇದೆ. ವಯಸ್ಸಾದ ಅತ್ತೆ ಕಾರಿನಿಂದ ಇಳಿಯದೆ ಜಲಪಾತ ನೋಡಿದ ಜಾಗ ಇದೊಂದೇ. ಬಂಡೆ ಹತ್ತುವ ಆಸೆ ಮಾತ್ರ ಬೇಡ. ಅದೇ ದಾರಿಯಲ್ಲಿ ಸಿಗುವ ಹನುಮನಗುಂಡಿಗೆ ಟಿಕೆಟ್ ತೆಗೆದುಕೊಂಡು ಉದ್ದಕ್ಕೆ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಏನೂ ಅನ್ನಿಸುವುದಿಲ್ಲ, ಹತ್ತುವಾಗ ಮಂಡಿ ಮಾತಾಡುತ್ತದೆ. ಮೆಟ್ಟಿಲ ಮೇಲೆ ಪಾಚಿ ಕಟ್ಟಿರುತ್ತದೆ, ಅಂಚಿನ ಎಲೆಗಳ ತುದಿಯಲ್ಲಿ ಇಂಬಳ ನೆಟ್ಟಗೆ ನಿಂತು ತಲೆ ಆಡಿಸುತ್ತಿರುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿಕೊಂಡು, ಸಾಕ್ಸ್‌ಗೆ ಬೇವಿನೆಣ್ಣೆ ಸವರಿಕೊಂಡು ಇಳಿದರೆ ಕಿರಿಕಿರಿ ಕಡಿಮೆ. ಕೆಳಗೆ ನಿಂತಾಗ ನೀರಿನ ಹನಿ ಗಾಳಿಗೆ ತಿರುಗಿ ಮುಖಕ್ಕೇ ಬಂದು ಬಡಿಯುತ್ತದೆ. ಛತ್ರಿ ಅಲ್ಲಿ ಲೆಕ್ಕಕ್ಕಿಲ್ಲ, ರೇನ್‌ಕೋಟೇ ಬೇಕು. ನೀರು ವಿಪರೀತ ಇದ್ದ ದಿನ ಕೆಳಗೆ ಬಿಡದೇ ಇರಬಹುದು. ಆಗ ವಾದ ಮಾಡಬೇಡಿ.

ಈ ಬೆಟ್ಟಗಳ ಮೇಲೆ ನನಗೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಹಸಿರು ಕಾಡು. ಸುರಿದ ಮಳೆಯನ್ನು ಈ ಹುಲ್ಲು, ಮಣ್ಣು, ಬೇರು ಎಲ್ಲ ಸೇರಿ ಹೀರಿಕೊಂಡು ನಿಧಾನಕ್ಕೆ ಬಿಟ್ಟುಕೊಡುತ್ತವೆ. ಅದಕ್ಕೇ ಮಳೆ ನಿಂತು ತಿಂಗಳುಗಳಾದರೂ ತೊರೆಯಲ್ಲಿ ನೀರು ಹರಿಯುತ್ತಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಕಾಡಿನಲ್ಲಿದೆ. ಇದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕುದುರೆಮುಖ ಊರಿನಲ್ಲಿ ಖಾಲಿ ಬಿದ್ದ ಕ್ವಾರ್ಟರ್ಸ್ ನೋಡಿದಾಗ ಹೊಟ್ಟೆಪಾಡು ಕಳೆದುಕೊಂಡವರ ನೆನಪೂ ಆಗುತ್ತದೆ. ಆದರೂ ನಿಲ್ಲಿಸಿದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ.

ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಆ ಹೊತ್ತಿನೊಳಗೆ ಇನ್ನೊಂದು ಕಡೆಯ ಗೇಟು ದಾಟಬೇಕು, ನಡುವೆ ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದೇ ಸರಿ ಅನ್ನಿಸುತ್ತದೆ. ರಸ್ತೆ ಬದಿ ಕೂತ ಕೋತಿಗಳಿಗೆ ಚಿಪ್ಸ್ ಎಸೆಯುವವರನ್ನು ಕಂಡಾಗಂತೂ ಇನ್ನೂ ಬಿಗಿ ಮಾಡಲಿ ಅನ್ನಿಸುತ್ತದೆ. ಇದು ಸಿಂಗಳೀಕಗಳಿರುವ ಕಾಡು, ಪಿಕ್‌ನಿಕ್ ಜಾಗ ಅಲ್ಲ ಅಲ್ವಾ?

ಇನ್ನು ಮೊಲೆಂ. ಮಳೆ ಜೋರಾಗಿರುವ ತಿಂಗಳುಗಳಲ್ಲಿ ಮೊಲೆಂ ಹತ್ತಿರದ ಕುಲೇಂ ಊರಿನಿಂದ ಜಲಪಾತಕ್ಕೆ ಹೊರಡುವ ಜೀಪುಗಳು ನಿಂತುಬಿಡುತ್ತವೆ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಮತ್ತೆ ಶುರು. ಅಂದರೆ ಜಲಪಾತ ಅತಿ ಚೆಂದ ಇರುವ ಹೊತ್ತಿಗೆ ಅದರ ಬುಡಕ್ಕೆ ಜೀಪಿನ ದಾರಿ ಇಲ್ಲ. ರೈಲು ಹಳಿ ಹಿಡಿದು ನಡೆದು ಹೋಗುತ್ತೇವೆ ಅನ್ನುವ ಯೋಚನೆ ಬಿಟ್ಟುಬಿಡಿ. ಹಳಿ ಮೇಲೆ ನಡೆಯುವುದು ಕಾನೂನಿನ ಪ್ರಕಾರ ಅಪರಾಧ. 2023ರ ಜುಲೈಯಲ್ಲಿ ಹಾಗೆ ಬಂದ ನೂರಾರು ಜನರನ್ನು ತಡೆದು ವಾಪಸ್ ಕಳಿಸಿದ್ದರು. ಕ್ಯಾಸಲ್‌ರಾಕ್‌ನಿಂದ ಕುಲೇಂಗೆ ಇಳಿಯುವ ರೈಲಿನಲ್ಲಿ ಕೂತರೆ ಮಳೆಗಾಲದ ದೂಧ್‌ಸಾಗರ್ ಕಿಟಕಿಯಿಂದಲೇ ಕಾಣುತ್ತದೆ. ಆದರೆ ಅದು ರೈಲು ಪ್ರವಾಸ, ಕಾರಿನ ಮಾತು ಬೇರೆ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿ, ಧಾರವಾಡ ದಾಟಿ ಅನಮೋಡ ಘಾಟ್ ಇಳಿಯುವ ಹೊತ್ತಿಗೆ ಐನೂರು ಕಿಲೋಮೀಟರ್ ದಾಟಿರುತ್ತದೆ. ಮುಕ್ಕಾಲು ಪಾಲು ಹೆದ್ದಾರಿ, ಚೆನ್ನಾಗಿದೆ, ಆದರೆ ಶನಿವಾರ ಇಡೀ ಸ್ಟೀರಿಂಗ್ ಹಿಂದೆಯೇ ಕಳೆಯುತ್ತದೆ. ಭಾನುವಾರ ಬೆಳಿಗ್ಗೆ ಕುಲೇಂನಲ್ಲಿ ಜೀಪಿಗೆ ಸಾಲು. ಕಾರು ಅಲ್ಲೇ ಬಿಡಬೇಕು. ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಬೇಕು. ರಜೆಯ ದಿನ ಈ ಸಾಲೇ ಅರ್ಧ ಬೆಳಗು ತಿನ್ನುತ್ತದೆ.

ಜೀಪು ಹೊರಟ ಮೇಲೆ ಬೇರೆಯೇ ಲೋಕ. ತೊರೆ ದಾಟುವಾಗ ಡ್ರೈವರ್ ಗೇರ್ ಇಳಿಸಿ ನಿಧಾನಕ್ಕೆ ನೀರಿಗೆ ಬಿಡುತ್ತಾರೆ. ಚಕ್ರ ಕಲ್ಲಿನಿಂದ ಕಲ್ಲಿಗೆ ಉರುಳುವುದು ಬೆನ್ನುಮೂಳೆಗೆ ಗೊತ್ತಾಗುತ್ತದೆ. ಕೊನೆಗೆ ಬಂಡೆಗಳ ಮೇಲೆ ಸ್ವಲ್ಪ ನಡಿಗೆ. ಆಮೇಲೆ ಮರಗಳು ಸರಿದು ಇಡೀ ಗೋಡೆ ಬೆಳ್ಳಗೆ ಎದುರು ನಿಲ್ಲುತ್ತದೆ, ಕಾಯಿಸಿದ ಹಾಲು ಉಕ್ಕಿ ಒಲೆ ಮೇಲೆ ಇಳಿದ ಹಾಗೆ. ಅದರ ನಡು ಮೈಯಲ್ಲಿ ರೈಲು ಸೇತುವೆ. ನಾವು ನಿಂತಿದ್ದಾಗ ಒಂದು ಗೂಡ್ಸ್ ರೈಲು ಘಾಟ್ ಹತ್ತುತ್ತಿತ್ತು, ಹಿಂದೆಯೂ ಎಂಜಿನ್ ಹಚ್ಚಿದ್ದರು. ಅಲ್ಲಿ 37 ಮೀಟರ್ ಹೋದರೆ ಒಂದು ಮೀಟರ್ ಏರು, ಅಷ್ಟು ಕಡಿದು. ಅದರ ಸದ್ದು ನೀರಿನ ಸದ್ದಿನೊಳಗೆ ಸೇರಿಹೋಯಿತು. ಒಂದೇ ಒಂದು ನೋಟಕ್ಕೆ ಇಷ್ಟು ದೂರ ಬರಬಹುದು ಅನ್ನಿಸಿದ್ದು ನಿಜ. ಆದರೆ ಜೀಪಿನವರು ಕೊಟ್ಟ ಹೊತ್ತು ಮುಗಿದರೆ ಹೊರಡಲೇಬೇಕು. ಅದೇ ದಿನ ಬೆಂಗಳೂರು ಮುಟ್ಟಬೇಕಾದ ಡ್ರೈವರ್‌ಗೆ ಕಣ್ಣು ಎಳೆಯುವುದು ಖಂಡಿತ.

ಮೊಲೆಂಗೆ ಹೋದವರು ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನ ಬಿಡಬೇಡಿ. ಕದಂಬರ ಕಾಲದ ಕಪ್ಪು ಕಲ್ಲಿನ ಚಿಕ್ಕ ಗುಡಿ, ಕಾಡಿನ ನಡುವೆ, ಪಕ್ಕದಲ್ಲೇ ಹೊಳೆ. ದೂಧ್‌ಸಾಗರದ ಗದ್ದಲದ ಮೇಲೆ ಇಲ್ಲಿ ಕೂತಾಗ ಜೀವಕ್ಕೆ ಸಮಾಧಾನ.

ಹಾಗಾಗಿ ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ ಕುದುರೆಮುಖ. ಮಂಜು ಇಳಿದಾಗ ಹೈ ಬೀಮ್ ಹಾಕಬೇಡಿ, ಬೆಳ್ಳಗಿನ ಪರದೆ ಬಿಟ್ಟು ಏನೂ ಕಾಣುವುದಿಲ್ಲ. ಪೆಟ್ರೋಲನ್ನು ಕಳಸದಲ್ಲೋ ಕಾರ್ಕಳದಲ್ಲೋ ತುಂಬಿಸಿಕೊಳ್ಳಿ. ನಡುವೆ ಫೋನ್ ಸಿಗ್ನಲ್ ನಂಬಿಕೊಂಡು ಕೂರಬೇಡಿ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಶಿಖರದ ಚಾರಣವನ್ನು ಇದರೊಳಗೆ ತುರುಕಬೇಡಿ. ಅದಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಬೇಕು, ಒಂದು ದಿನ ಪೂರ್ತಿ ಬೇಕು.

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ ನನ್ನ ಸಲಹೆಯೇ ತಿರುಗುತ್ತದೆ. ನಿಮಗೆ ಮೊಲೆಂ ಕೆಲವೇ ಗಂಟೆಯ ದಾರಿ. ಜೀಪು ಶುರುವಾದ ಮೇಲೆ, ನೀರು ಇನ್ನೂ ದಪ್ಪ ಇರುವಾಗ ಹೋಗಿ. ಶನಿವಾರ ಮಧ್ಯಾಹ್ನ ತಾಂಬ್ಡಿ ಸುರ್ಲಾ ನೋಡಿ, ರಾತ್ರಿ ಮೊಲೆಂ ಹತ್ತಿರ ಉಳಿದು, ಭಾನುವಾರ ಕೌಂಟರ್ ತೆರೆಯುವ ಮೊದಲೇ ಕುಲೇಂನಲ್ಲಿ ಸಾಲಿಗೆ ನಿಲ್ಲಿ. ಬೆಂಗಳೂರಿನವರಿಗೂ ದೂಧ್‌ಸಾಗರವೇ ಬೇಕು ಅಂದರೆ ಸೋಮವಾರ ಒಂದು ರಜೆ ಹಾಕಿ.