ಅಡಿಕೆಗೆ ಹವಾಮಾನ ಬೆಳೆ ವಿಮೆ: ಮೂರು ಮಳೆಗಾಲ ಕಟ್ಟಿದ ಮೇಲೆ

ಮಳೆಗಾಲ ಶುರುವಾದರೆ ಸಾಕು, ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಬೇಕಾ ಬೇಡ್ವಾ ಅನ್ನುವ ಮಾತು ನಮ್ಮೂರಲ್ಲೂ ಶುರು. ನಾನು ಮೂರು ವರ್ಷದಿಂದ ಕಟ್ಟುತ್ತಿದ್ದೇನೆ. ಸಾಗರ ತಾಲ್ಲೂಕು, ಎರಡು ಎಕರೆ ಅಡಿಕೆ, ಮಧ್ಯೆ ಕಾಳುಮೆಣಸು. ಕಟ್ಟಿ ಅಂತಲೇ ಹೇಳುತ್ತೇನೆ. ಆದರೆ ಅದು ಏನು ಅಂತ ತಿಳಿದು ಕಟ್ಟಿ.

ಮೊದಲು ದುಡ್ಡಿನ ವಿಷಯ. ನಾನು ಕಟ್ಟಿದ್ದು ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತದ ಲೆಕ್ಕದಲ್ಲಿ. ರೈತರ ಪಾಲು ಅದರ ಶೇ. 5, ಅಂದರೆ 6,400. ಎಕರೆಗೆ ಎರಡೂವರೆ ಸಾವಿರ ಚಿಲ್ಲರೆ. ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರಗಳು ಹಾಕುತ್ತವೆ. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರರ ಕೂಲಿ ಎಲ್ಲ ಸೇರಿ, ಮಳೆಗೆ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಒಂದು ಸಲ ಔಷಧಿ ಹೊಡೆಸುವ ಖರ್ಚಿನ ಮುಂದೆ ಇದು ಜಾಸ್ತಿ ಅಲ್ಲ.

ಈಗ ಮುಖ್ಯ ಮಾತು. ಈ ವಿಮೆಯಲ್ಲಿ ಕೊಳೆ ಬಂತಾ, ಎಷ್ಟು ಉದುರಿತು ಅಂತ ನೋಡಲು ಯಾರೂ ತೋಟಕ್ಕೆ ಬರುವುದಿಲ್ಲ. ಪಂಚಾಯಿತಿಯ ಮಳೆಮಾಪಕದಲ್ಲಿ ಎಷ್ಟು ಮಳೆ ದಾಖಲಾಯಿತೋ ಅದರ ಮೇಲೆಯೇ ಪರಿಹಾರದ ಲೆಕ್ಕ. ಬಯಲುಸೀಮೆಗೆ ಇದು ಸರಿಹೋದೀತು. ಮಲೆನಾಡಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ ಅಲ್ವಾ? ನಮ್ಮ ತೋಟದ ಹಳ್ಳ ಶರಾವತಿಗೆ ಸೇರಿ ಪಶ್ಚಿಮಕ್ಕೆ ಹೋಗುತ್ತದೆ. ಮಳೆಮಾಪಕ ಇರುವುದು ಗುಡ್ಡದ ಆಚೆ, ಅಲ್ಲಿ ಬಿದ್ದ ನೀರು ವರದಾ ನದಿಗೆ ಇಳಿದು ಪೂರ್ವಕ್ಕೆ ಹರಿಯುತ್ತದೆ. ಆ ಕಡೆ ಇಳಿದಷ್ಟೂ ಮಳೆ ಕಡಿಮೆ.

ಎರಡನೇ ವರ್ಷ ಪುಷ್ಯ ಮಳೆ ಹಿಡಿದದ್ದು ಆಶ್ಲೇಷ ಮುಗಿಯುವವರೆಗೆ ಬಿಡಲಿಲ್ಲ. ಮೊದಲ ಬೋರ್ಡೋ, ಅದೇ ಮೈಲುತುತ್ತ-ಸುಣ್ಣದ ಔಷಧಿ, ಹೊಡೆಸಿ 45 ದಿನ ದಾಟಿತ್ತು, ಎರಡನೆಯದಕ್ಕೆ ಅರ್ಧ ದಿನದ ಬಿಸಿಲೂ ಸಿಗಲಿಲ್ಲ, ಒದ್ದೆ ಮರ ಹತ್ತಿ ಅಂತ ಕೊನೆಗಾರರಿಗೆ ಹೇಳುವ ಹಾಗೂ ಇಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡದ ತುಂಬ ಹಸಿರು ಕಾಯಿ. ಹೆಕ್ಕಿ ನೋಡಿದರೆ ತೊಟ್ಟಿನ ಹತ್ತಿರ ನೀರಲ್ಲಿ ನೆನೆದ ಹಾಗೆ ಕಡು ಹಸಿರು ಕಲೆ, ಮೊದಲೇ ಬಿದ್ದಿದ್ದರ ಮೇಲೆ ಬಿಳಿ ಬೂಷ್ಟು. ಅಮ್ಮ ಬುಟ್ಟಿ ಹಿಡಿದು ಹೆಕ್ಕುತ್ತಲೇ ಇದ್ದರು. ಅಂಗಳದಲ್ಲಿ ಇಟ್ಟಿದ್ದ ನನ್ನ ಮಳೆ ಅಳೆಯುವ ಡಬ್ಬ ಒಂದು ದಿನ ತುಂಬಿ ಚೆಲ್ಲಿತ್ತು. ಗುಡ್ಡದ ಆಚೆ ಅವತ್ತು ಬರೆದದ್ದು ಅದರ ಅರ್ಧ. ಪರಿಹಾರ ಬಂತು, ಕೂಲಿಗೂ ಸಾಲದಷ್ಟು. ವಿಮೆ ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಪಂಚಾಯಿತಿ ಡೇಟಾ ಪ್ರಕಾರ ಇಷ್ಟೇ ಬರುತ್ತೆ ಸರ್" ಅಂದರು. ಮರು ವರ್ಷ ಆ ಕಡೆಯೂ ಮಳೆ ಜೋರು, ಆಗ ಕಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು ಬಂತು. ಅದೇ ದುಡ್ಡಲ್ಲಿ ಬಸಿಗಾಲುವೆ ತೆಗೆಸಿದೆ.

ಕಟ್ಟುವವರು ಒಂದು ನೆನಪಿಡಿ. ಪಹಣಿ, ಆಧಾರ್, ಪಾಸ್‌ಬುಕ್ ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಅಡಿಕೆ ಅಂತಲೇ ಬಂದಿದೆಯಾ ನೋಡಿ. ಬೇರೆ ಬೆಳೆ ಬಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅರ್ಜಿ ಎಲ್ಲಿದೆ ಅಂತ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ನೋಡಬಹುದು, ಮೊಬೈಲ್‌ನಲ್ಲೇ ಆಗುತ್ತದೆ.

ಪಹಣಿ ಇಲ್ಲದವರಿಗೆ ಇದು ಸಿಗುವುದೇ ಇಲ್ಲ. ನನಗೆ ತುಂಬ ಬೇಜಾರಾಗುವುದು ಇದೇ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ಮುಳುಗಡೆಯಾಗಿ ಈ ಕಡೆ ಬಂದ ಎಷ್ಟೋ ಮನೆಗಳಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಆಗಿಲ್ಲ. ನಮ್ಮ ಕೆಳಗಿನ ತೋಟದ ಅಣ್ಣನದ್ದೂ ಅದೇ ಕಥೆ. ಹಳ್ಳ ಉಕ್ಕಿದರೆ ನೀರು ಮೊದಲು ನುಗ್ಗುವುದು ಅವರ ತೋಟಕ್ಕೆ. ಮೊನ್ನೆ ನಾನು ಪ್ರೀಮಿಯಂ ಕಟ್ಟಲು ಹೊರಟಾಗ "ನಂದೂ ಒಂದ್ಸಲ ಕೇಳಿ ನೋಡು ತಮ್ಮಾ" ಅಂದರು. ಈ ಸಲವೂ ಕೇಳಿದೆ. ಪಹಣಿ ತನ್ನಿ ಅಂದರು.