ಹಳೆಯ ಸೊಂಟನೋವಿಗೆ ಮೂರು ವಿಧಾನಗಳು: ತಿಳಿವಳಿಕೆ, ಧ್ಯಾನ, ಮಿದುಳಿನ ಮರುತರಬೇತಿ

ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ನನ್ನ ಸೊಂಟನೋವು ಆ ಗಡುವು ದಾಟಿ ವರ್ಷಗಳಾಗಿದ್ದವು. ಸ್ಕ್ಯಾನ್‌ನಲ್ಲಿ ವಯೋಸಹಜ ಸವಕಳಿಯ ಹೊರತು ಏನೂ ಕಾಣಲಿಲ್ಲವಾದ್ದರಿಂದ, ನರಮಂಡಲವನ್ನೇ ಗುರಿಯಾಗಿಸಿಕೊಂಡ ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಅನುಸರಿಸಿ ನೋಡಿದೆ.

ಮೊದಲನೆಯದು ನೋವಿನ ಬಗೆಗಿನ ಶಿಕ್ಷಣ. ನೋವಿನ ಸಂಕೇತಗಳು ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗಬಲ್ಲವು ಎಂದು ನೋವಿನ ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲೇ ಪ್ರತಿಪಾದಿಸಿದ್ದರು. ಗಾಯ ಎಷ್ಟಿದೆಯೋ ನೋವೂ ಅಷ್ಟೇ ಇರಬೇಕೆಂದಿಲ್ಲ ಎಂಬುದು ಈ ಪಾಠದ ತಿರುಳು. (ಕೇಳಿದವರು ಇದನ್ನು ‘ನೋವು ಬರೀ ಭ್ರಮೆ’ ಎಂದು ತಿಳಿಯುವುದು ಬೇರೆ ಮಾತು, ನೋವು ನಿಜವೇ.) ಕಲಿತದ್ದರಿಂದ ನನ್ನ ನೋವು ಇಳಿಯಲಿಲ್ಲ, ಬಗ್ಗುವಾಗಿನ ಅಂಜಿಕೆ ಮಾತ್ರ ಇಳಿಯಿತು.

ಎರಡನೆಯದು, ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ, ಈ ಕ್ಷಣಕ್ಕೆ ಗಮನವಿಡುವ ಧ್ಯಾನವನ್ನು ಕಲಿಸುವ 8 ವಾರಗಳ ಮೈಂಡ್‌ಫುಲ್‌ನೆಸ್ ಕ್ರಮ. ಸೊಂಟನೋವಿನ 342 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದೂ ಯೋಚನೆ, ನಡವಳಿಕೆಗಳನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯೂ ಸರಿಸಮವಾಗಿ, ಮಾಮೂಲಿ ಆರೈಕೆಗಿಂತ ಹೆಚ್ಚು ಫಲ ನೀಡಿದವು. ನನಗೆ ನಿದ್ದೆ ಸುಧಾರಿಸಿತು, ಸಿಡುಕು ತಗ್ಗಿತು. ಆದರೆ ನೋವು ಕೆರಳಿದ ದಿನ ಅಲುಗಾಡದೆ ಮಲಗಿ ಅಡಿಯಿಂದ ಮುಡಿಯವರೆಗೆ ಗಮನ ಹರಿಸುವ ಅಭ್ಯಾಸ, ಸೊಂಟಕ್ಕೆ ಬಂದಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಮೂರನೆಯ ವಿಧಾನವಾದ ಪೇನ್ ರೀಪ್ರೊಸೆಸಿಂಗ್ ಥೆರಪಿ (ನೋವಿನ ವಿಚಾರದಲ್ಲಿ ಮಿದುಳಿಗೆ ಮರುತರಬೇತಿ ಕೊಡುವ ಚಿಕಿತ್ಸೆ) ನನಗೆ ಹೆಚ್ಚು ಒಗ್ಗಿತು. ಇದರಲ್ಲಿಯೂ ನೋವನ್ನು ಗಮನಿಸುವುದುಂಟು. ಆದರೆ ಧ್ಯಾನವು ಒಳಿತು ಕೆಡುಕೆಂದು ತೀರ್ಮಾನಿಸದೆ ನೋಡು ಎಂದರೆ, ಇದು ‘ಈ ಸಂವೇದನೆಯಿಂದ ಅಪಾಯವಿಲ್ಲ’ ಎಂಬ ತೀರ್ಮಾನವನ್ನೇ ಕೊಟ್ಟು, ಅಂಜಿಕೆ ಹುಟ್ಟಿಸುವ ಚಲನೆಯನ್ನು ಮಾಡುತ್ತಲೇ ಅದನ್ನು ಮಿದುಳಿಗೆ ಮನದಟ್ಟು ಮಾಡಿಸುತ್ತದೆ. ಕುರ್ಚಿಯಲ್ಲಿ ಕೂರುವುದೇ ನನ್ನ ಸಮಸ್ಯೆಯಾಗಿದ್ದುದರಿಂದ, ಕೂತುಕೊಂಡೇ ಮಾಡುವ ಈ ಅಭ್ಯಾಸ ನೇರವಾಗಿ ನಾಟಿತು. ನೋವು ಪೂರ್ತಿ ಹೋಗದಿದ್ದರೂ ಕೂರುವ ಅವಧಿ ಗಣನೀಯವಾಗಿ ಹೆಚ್ಚಿತು. ಮೊದಲಿನ ಪಾಠವಿಲ್ಲದಿದ್ದರೆ ಆ ಭರವಸೆಯ ಮಾತನ್ನು ನಾನು ನಂಬುತ್ತಿದ್ದೆನೆಂದು ಅನಿಸುವುದಿಲ್ಲ.

ಈ ಚಿಕಿತ್ಸೆಯ ಅಂಕಿಅಂಶಗಳು ಆಕರ್ಷಕವಾಗಿವೆ. 151 ಮಂದಿಯ ಪರೀಕ್ಷೆಯಲ್ಲಿ ಇದನ್ನು ಪಡೆದವರ ಪೈಕಿ ಶೇ. 66ರಷ್ಟು ಮಂದಿ ನೋವಿನಿಂದ ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ಮುಕ್ತರಾದರು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 10. ಆದರೆ ಈ ಪರೀಕ್ಷೆಯಲ್ಲಿ ಪಾಲ್ಗೊಂಡವರಲ್ಲಿ ಬಹುತೇಕರ ನೋವು ಸಾಧಾರಣ ತೀವ್ರತೆಯದು, ಹಾಗಾಗಿ ತೀವ್ರ ನೋವಿನವರು ಅದೇ ಫಲ ನಿರೀಕ್ಷಿಸಲಾಗದು. ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರಂತೂ ‘ಅಪಾಯವಿಲ್ಲ’ ಎಂದು ತಮಗೆ ತಾವೇ ಹೇಳಿಕೊಳ್ಳುವ ಮುನ್ನ ವೈದ್ಯರಿಂದ ತಪಾಸಣೆ ಆಗಲೇಬೇಕು.