ಕಸಿ ಮಾಡಿದ ಅಮೀನ್, ತುಂಬಿದ ಅಮೀನ್, ಅಮೀನೇ ಇಲ್ಲದ ಜಿಯೊಲೈಟ್: ತೇವದ ಗಾಳಿಯಲ್ಲಿ ಮೂರರ ಹೋಲಿಕೆ

ಗಾಳಿಯಲ್ಲಿ ಬೆರೆತಿರುವ ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೆಕ್ಕಿ ಹಿಡಿದು, ನೈಟ್ರೋಜನ್ ಮತ್ತು ಆಕ್ಸಿಜನ್‌ಗಳನ್ನು ಮುಂದಕ್ಕೆ ಬಿಟ್ಟುಬಿಡುವ ಘನವಸ್ತು ಯಾವುದು ಎಂಬ ಪ್ರಶ್ನೆಯನ್ನು ಹಿಡಿದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸುಮಾರು ಒಂದು ವರ್ಷ ಮೂರು ಪುಡಿಗಳೊಂದಿಗೆ ಕೆಲಸ ಮಾಡಿದ್ದೇನೆ. ಮೊದಲನೆಯದು ಮಾರುಕಟ್ಟೆಯಲ್ಲಿ ಸಿಗುವ 13ಎಕ್ಸ್ ಜಿಯೊಲೈಟ್, ಅಂದರೆ ಒಳಗೆಲ್ಲ ಅತಿಸಣ್ಣ ಕುಹರಗಳಿರುವ ಖನಿಜದಂಥ ಪುಡಿ. ಇದರಲ್ಲಿ ಅಮೀನ್, ಅಂದರೆ ಅಮೋನಿಯದಂಥ ನೈಟ್ರೋಜನ್ ಗುಂಪು, ಇಲ್ಲ. ಎರಡನೆಯದು ಅಮಿನೊಪ್ರೊಪೈಲ್ ಟ್ರೈಇಥಾಕ್ಸಿಸಿಲೇನ್ ಎಂಬ ಸಂಯುಕ್ತವನ್ನು, ಅಂದರೆ ಲ್ಯಾಬಿನಲ್ಲಿ ನಾವು ಆಪ್ಟೆಸ್ ಎಂದು ಕರೆಯುವುದನ್ನು, ಮೇಲ್ಮೈಗೆ ಕಸಿ ಮಾಡಿದ ಸಿಲಿಕಾ. ಮೂರನೆಯದು ಪಾಲಿಎಥಿಲೀನ್‌ಇಮೀನ್ ಎಂಬ ಅಂಟು ಪಾಲಿಮರನ್ನು, ಚಿಕ್ಕದಾಗಿ ಪಿಇಐಯನ್ನು, ರಂಧ್ರಗಳೊಳಗೆ ತುಂಬಿದ ಸಿಲಿಕಾ. ಹೋಲಿಕೆ ನ್ಯಾಯವಾಗಿರಬೇಕೆಂದು ಎರಡೂ ಅಮೀನ್ ಪುಡಿಗಳಿಗೆ ಒಂದೇ ಸಲ ತಯಾರಿಸಿದ ಎಸ್‌ಬಿಎ-15 ಸಿಲಿಕಾವನ್ನು ಬಳಸಿದೆ. ಇದರ ರಂಧ್ರಗಳು ಜೇನುಗೂಡಿನಂತೆ ಸಾಲಾಗಿರುತ್ತವೆ ಮತ್ತು ಸಾಮಾನ್ಯವಾಗಿ 6ರಿಂದ 8 ನ್ಯಾನೊಮೀಟರ್ ಅಗಲವಿರುತ್ತವೆ.

ಒಣ ಅನಿಲದಲ್ಲಿ 13ಎಕ್ಸ್‌ಗೆ ಎದುರಾಳಿಯೇ ಇರಲಿಲ್ಲ. ಕೋಣೆಯ ಉಷ್ಣತೆಯಲ್ಲಿ, ಒಂದು ವಾತಾವರಣದ ಒತ್ತಡದ ಶುದ್ಧ ಡೈಆಕ್ಸೈಡಿನಲ್ಲಿ ಅದು ಗ್ರಾಂ ಒಂದಕ್ಕೆ 4 ಮಿಲಿಮೋಲ್‌ಗಿಂತ (ಮಿಲಿಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ) ಹೆಚ್ಚು ಹಿಡಿಯುತ್ತದೆ. ಕಸಿ ಸಿಲಿಕಾ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಈ ಹಿಡಿತಕ್ಕೆ ಕಾರಣ ರಾಸಾಯನಿಕ ಬಂಧವಲ್ಲ, ಜಿಯೊಲೈಟಿನ ಕುಹರಗಳಲ್ಲಿರುವ ಸೋಡಿಯಂ ಅಯಾನುಗಳ ವಿದ್ಯುತ್ ಸೆಳೆತ. ಆ ಸೆಳೆತಕ್ಕೆ ಡೈಆಕ್ಸೈಡ್‌ಗಿಂತ ನೀರು ಎಷ್ಟೋ ಪ್ರಿಯ. ಜುಲೈ ತಿಂಗಳ ಒಂದು ಸಂಜೆ ತೂಗಿಟ್ಟ ಪುಡಿಯ ಶೀಷೆಗೆ ಮುಚ್ಚಳ ಹಾಕುವುದನ್ನು ಮರೆತು ಮನೆಗೆ ಹೋಗಿದ್ದೆ. ಬೆಳಿಗ್ಗೆ ನೋಡಿದರೆ ಪುಡಿ ಕಣ್ಣಿಗೆ ಹಿಂದಿನಂತೆಯೇ ಬೆಳ್ಳಗಿತ್ತು, ತಕ್ಕಡಿ ಮಾತ್ರ ಬೇರೆಯದೇ ಹೇಳುತ್ತಿತ್ತು. 13ಎಕ್ಸ್ ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಹಿಡಿಯಬಲ್ಲದು ಎಂದು ಓದಿದ್ದನ್ನು ಅಂದು ಕಣ್ಣಾರೆ ಕಂಡೆ. ಹಾಗೆ ತುಂಬಿಹೋದ ಪುಡಿ ಡೈಆಕ್ಸೈಡನ್ನು ಬಹುತೇಕ ಮುಟ್ಟಲೇ ಇಲ್ಲ, ಮತ್ತೆ ಹದಕ್ಕೆ ತರಲು ಅದನ್ನು 300 ಡಿಗ್ರಿಗೂ ಮೇಲೆ ಕಾಯಿಸಬೇಕಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಉಸಿರಿನ ಡೈಆಕ್ಸೈಡನ್ನು ಜಿಯೊಲೈಟಿನಿಂದ ತೆಗೆಯುವ ಯಂತ್ರದಲ್ಲಿಯೂ ಗಾಳಿಯನ್ನು ಮೊದಲು ತೇವ ಹೀರುವ ಹಾಸುಗಳ ಮೂಲಕ ಹಾಯಿಸುವುದು ಇದೇ ಕಾರಣಕ್ಕೆ.

ಅಮೀನಿನ ರೀತಿಯೇ ಬೇರೆ. ಅದರ ನೈಟ್ರೋಜನ್ ಪರಮಾಣುವಿನ ಮೇಲೆ ಬಂಧಕ್ಕೆ ಒಳಪಡದ ಒಂದು ಎಲೆಕ್ಟ್ರಾನ್ ಜೋಡಿ ಇರುತ್ತದೆ. ಡೈಆಕ್ಸೈಡಿನ ನಡುವಿನ ಇಂಗಾಲಕ್ಕೆ ಎಲೆಕ್ಟ್ರಾನಿನ ಕೊರತೆ ಇರುತ್ತದೆ. ಇವೆರಡೂ ಕೂಡಿದಾಗ ಹುಟ್ಟುವ ಹೈಡ್ರೋಜನ್ ಅಯಾನನ್ನು ಪಕ್ಕದ ಇನ್ನೊಂದು ಅಮೀನ್ ತೆಗೆದುಕೊಂಡರೆ ಕಾರ್ಬಮೇಟ್, ಅಂದರೆ ಅಮೀನ್ ಮತ್ತು ಡೈಆಕ್ಸೈಡ್ ಬೆಸೆದ ರೂಪ, ಉಳಿಯುತ್ತದೆ. ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್‌ಗಳಲ್ಲಿ ಅಂಥ ಕೊರತೆ ಇಲ್ಲದಿರುವುದರಿಂದ ಅಮೀನ್ ಅವುಗಳನ್ನು ಹೀಗೆ ಕಟ್ಟಿಕೊಳ್ಳುವುದಿಲ್ಲ, ಮತ್ತು ಇದರ ಆಯ್ಕೆಯ ಗುಟ್ಟು ಇಷ್ಟೇ. ಈ ವಿದ್ಯೆ ಹೊಸದೂ ಅಲ್ಲ. ದ್ರವರೂಪದ ಅಮೀನ್‌ಗಳಿಂದ ಅನಿಲವನ್ನು ತೊಳೆಯುವ ವಿಧಾನಕ್ಕೆ ಅಮೆರಿಕದಲ್ಲಿ 1930ರಲ್ಲಿಯೇ ಪೇಟೆಂಟ್ ದೊರೆತಿತ್ತು. ಒಣ ಸ್ಥಿತಿಯಲ್ಲಿ ಒಂದು ಡೈಆಕ್ಸೈಡಿಗೆ ಎರಡು ಅಮೀನ್ ಬೇಕು. ನೀರು ಜೊತೆಗಿದ್ದರೆ ಬೈಕಾರ್ಬನೇಟ್ ಆಗುವ ಇನ್ನೊಂದು ದಾರಿ ತೆರೆದುಕೊಂಡು, ಒಂದಕ್ಕೆ ಒಂದು ಸಾಕಾಗಬಹುದು. ಜಿಯೊಲೈಟನ್ನು ಕೆಡಿಸಿದ ಅದೇ ತೇವ ಇಲ್ಲಿ ಸಹಾಯಕ್ಕೆ ನಿಲ್ಲುತ್ತದೆ.

ಇದನ್ನು ಅಳೆಯುವಾಗ ಒಂದು ಎಚ್ಚರ ಅಗತ್ಯ. ತೇವದ ಅನಿಲದಲ್ಲಿ ಪುಡಿಯ ತೂಕ ಏರಿದರೆ ಅದು ನೀರಿನಿಂದಲೋ ಡೈಆಕ್ಸೈಡಿನಿಂದಲೋ ಎಂದು ತಕ್ಕಡಿ ಹೇಳಲಾರದು. ಆದ್ದರಿಂದ ಒಣ ಪ್ರಯೋಗಗಳಿಗೆ ಮಾತ್ರ ತೂಕದ ಉಪಕರಣವನ್ನು ನಂಬಿ, ತೇವದ ಪ್ರಯೋಗಗಳಿಗೆ ಪುಡಿಯನ್ನು ಗಾಜಿನ ಸಣ್ಣ ಕೊಳವೆಯಲ್ಲಿ ತುಂಬಿ, ಹೊರಬರುವ ಅನಿಲವನ್ನು ಅವಕೆಂಪು ಸಂವೇದಕದಿಂದ ನೋಡಿದೆ.

ಕಸಿ ಮಾಡುವ ಕೆಲಸ ಹೇಳಲು ಸುಲಭ, ಮಾಡಲು ನಾಜೂಕು. ಒಣಗಿಸಿದ ಸಿಲಿಕಾವನ್ನು ಟೊಲುವಿನ್‌ನಲ್ಲಿ ಕಲಕಿ, ಆಪ್ಟೆಸ್ ಸೇರಿಸಿ, ರಾತ್ರಿಯಿಡೀ 110 ಡಿಗ್ರಿಯಲ್ಲಿ ಕುದಿಸಿದರೆ, ಸಿಲಿಕಾದ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳೊಂದಿಗೆ ಸಿಲೇನ್ ಬೆಸೆದುಕೊಳ್ಳುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಟೊಲುವಿನ್ ಸರಿಯಾಗಿ ಒಣಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಫ್ಲಾಸ್ಕಿನ ಗೋಡೆಗೆ ಗಂಜಿಯ ಕೆನೆಯಂಥ ಬಿಳಿ ಪದರ ಅಂಟಿತ್ತು. ಸಿಲೇನ್ ಅಣುಗಳು ಮೇಲ್ಮೈಯನ್ನು ಸೇರುವ ಮೊದಲು ತಮ್ಮತಮ್ಮಲ್ಲೇ ಹೆಣೆದುಕೊಂಡು ರಂಧ್ರಗಳ ಬಾಯಿಯನ್ನೂ ಮುಚ್ಚಿದ್ದವು. ಎರಡನೆಯ ಸಲ ಎಲ್ಲವನ್ನೂ ಒಣಗಿಸಿಕೊಂಡು ಮಾಡಿ, ಎಥನಾಲಿನಲ್ಲಿ ಹಲವು ಬಾರಿ ತೊಳೆದ ಪುಡಿಗೆ, ಅಮೀನ್ ಇದ್ದರೆ ಬಣ್ಣ ತೋರುವ ನಿನ್‌ಹೈಡ್ರಿನ್ ದ್ರಾವಣ ಹಾಕಿ ಬಿಸಿ ಮಾಡಿದಾಗ ನೇರಳೆ ಹಣ್ಣಿನ ಬಣ್ಣ ಬಂತು. ಅದೇ ಪುಡಿಯ ಚಿಟಿಕೆಯನ್ನು ತಾಮ್ರದ ಸಲ್ಫೇಟಿನ ತೆಳು ದ್ರಾವಣದಲ್ಲಿ ಅಲುಗಿಸಿದರೆ, ಬಿಳಿಯ ಪುಡಿ ತಳದಲ್ಲಿ ಕಡುನೀಲಿಯಾಗಿ ಕೂರುತ್ತದೆ. ಡೈಆಕ್ಸೈಡಿಗೆ ಒದಗುವ ಎಲೆಕ್ಟ್ರಾನ್ ಜೋಡಿಯೇ ತಾಮ್ರದ ಅಯಾನಿಗೂ ಒದಗಿದೆ ಎಂಬುದಕ್ಕೆ ಇಷ್ಟು ಚೆಂದದ ಪುರಾವೆ ಇನ್ನೊಂದನ್ನು ನಾನು ಕಂಡಿಲ್ಲ. ಹೊಸಬರು ಯಾರೇ ಬಂದರೂ ಮೊದಲು ಇದನ್ನೇ ತೋರಿಸುತ್ತೇನೆ.

ಪಿಇಐ ತುಂಬುವುದು ಒಂದೇ ದಿನದ ಕೆಲಸ. ಜೇನಿನಂತೆ ಮಂದವಾದ ಆ ಪಾಲಿಮರನ್ನು ಸಿಲಿಕಾದಷ್ಟೇ ತೂಕ ತೆಗೆದುಕೊಂಡು, ಮೆಥನಾಲಿನಲ್ಲಿ ಕರಗಿಸಿ, ಸಿಲಿಕಾದೊಂದಿಗೆ ಕಲಕಿ, ಮೆಥನಾಲನ್ನು ಆವಿಯಾಗಿಸಿದರೆ ಮುಗಿಯಿತು. ಒಂದು ಗ್ರಾಂ ಪುಡಿಯಲ್ಲಿ ಅರ್ಧ ಗ್ರಾಂ ಪಿಇಐ ಇದ್ದರೆ, ಅದರಲ್ಲಿ ಸುಮಾರು 11.6 ಮಿಲಿಮೋಲ್ ನೈಟ್ರೋಜನ್ ಇರುತ್ತದೆ. ಕಸಿ ಸಿಲಿಕಾದಲ್ಲಿ ಸಾಮಾನ್ಯವಾಗಿ ಸಿಗುವುದು ಒಂದರಿಂದ ಎರಡೂವರೆ. ಆದರೂ ಕೋಣೆಯ ಉಷ್ಣತೆಯಲ್ಲಿ ನನ್ನ ತುಂಬಿದ ಪುಡಿ ನಿರಾಸೆ ಮಾಡಿತು, 75 ಡಿಗ್ರಿಗೆ ಏರಿಸಿದಾಗ ಹಿಡಿತ ಇಳಿಯುವ ಬದಲು ಹೆಚ್ಚಿತು. ತಣ್ಣಗಿದ್ದಾಗ ರಂಧ್ರದೊಳಗೆ ಗಟ್ಟಿಯಾಗಿ ಕೂತ ಪಾಲಿಮರಿನ ಹೊರಪದರ ಮಾತ್ರ ಕೆಲಸ ಮಾಡುತ್ತದೆ, ಕಾದಾಗ ಸಡಿಲಗೊಂಡು ಒಳಗಿನ ಅಮೀನ್‌ಗಳಿಗೂ ಅನಿಲ ತಲುಪುತ್ತದೆ. ಎರಡು ಅಮೀನಿಗೆ ಒಂದು ಎಂಬ ಲೆಕ್ಕದಲ್ಲಿ ದೊರೆಯಬೇಕಾದ 5.8 ಮಿಲಿಮೋಲಿನಲ್ಲಿ ಅರ್ಧಕ್ಕಿಂತ ಕಡಿಮೆಯೇ ಕೈಗೆ ಬರುವುದು. ಪಿಇಐಯಲ್ಲಿರುವ ತೃತೀಯಕ ಅಮೀನ್‌ಗಳು (ನೈಟ್ರೋಜನ್ನಿಗೆ ಮೂರು ಇಂಗಾಲ ಅಂಟಿದವು; ಎರಡು ಅಂಟಿದರೆ ದ್ವಿತೀಯಕ, ಒಂದು ಅಂಟಿದರೆ ಪ್ರಾಥಮಿಕ) ನೀರಿಲ್ಲದೆ ಕೆಲಸ ಮಾಡುವುದಿಲ್ಲ ಎಂಬುದೂ ಈ ಕೊರತೆಯಲ್ಲಿ ಸೇರಿದೆ.

ಹಿಡಿದದ್ದನ್ನು ಬಿಡಿಸುವುದು ನನ್ನ ದೃಷ್ಟಿಯಲ್ಲಿ ಹಿಡಿಯುವುದಕ್ಕಿಂತ ಕಠಿಣ ಪರೀಕ್ಷೆ. ಅಮೀನಿನ ಬಂಧವನ್ನು ಬಿಡಿಸಲು ಸಾಮಾನ್ಯವಾಗಿ ಮೋಲ್ ಒಂದಕ್ಕೆ 60ರಿಂದ 90 ಕಿಲೊಜೂಲ್ ಶಾಖ ಬೇಕು, ಒಣ ಜಿಯೊಲೈಟಿಗೆ ಅದರ ಅರ್ಧದಷ್ಟು ಸಾಕು. ಈ ಶಾಖದ ಹೊತ್ತಿನಲ್ಲೇ ಪುಡಿಗಳು ಕೆಡುವುದು. ಒಮ್ಮೆ 110 ಡಿಗ್ರಿಯಲ್ಲಿದ್ದ ಪಿಇಐ ಕೊಳವೆಯನ್ನು ನೈಟ್ರೋಜನ್‌ನಲ್ಲಿ ತಣಿಸದೆ ಅವಸರದಿಂದ ಗಾಳಿಗೆ ತೆರೆದೆ. ಕೆನೆಬಣ್ಣದ ಪುಡಿ ಹಳದಿಯಾಗಿ, ಹಾಗೆ ಕೆಲವು ಸಲ ಆದ ಮೇಲೆ ಬೆಲ್ಲದ ಬಣ್ಣಕ್ಕೆ ತಿರುಗಿ, ಹಿಡಿಯುವ ಶಕ್ತಿಯನ್ನೂ ಕಳೆದುಕೊಂಡಿತು. ಆಕ್ಸಿಜನ್ನಿಗೆ ಬೇಗ ಬಲಿಯಾಗುವುದು ಅದರ ದ್ವಿತೀಯಕ ಅಮೀನ್‌ಗಳು. ಪ್ರಾಥಮಿಕ ಅಮೀನ್ ಮಾತ್ರ ಇರುವ ಕಸಿ ಸಿಲಿಕಾ ಅದೇ ತಪ್ಪನ್ನು ಬಹಳಮಟ್ಟಿಗೆ ತಾಳಿಕೊಂಡಿತು. ಆದರೆ ಅದಕ್ಕೂ ಒಂದು ಅಪಾಯವಿದೆ. ಬಿಸಿಯಾದ, ಪೂರ್ತಿ ಒಣಗಿದ ಡೈಆಕ್ಸೈಡಿನಲ್ಲಿ ಬಹಳ ಹೊತ್ತು ಇಟ್ಟರೆ ಪ್ರಾಥಮಿಕ ಅಮೀನ್‌ಗಳು ಯೂರಿಯಾ ಬಂಧವಾಗಿ ಗಟ್ಟಿಯಾಗುತ್ತವೆ. ಅನಿಲದಲ್ಲಿ ಸ್ವಲ್ಪ ತೇವ ಉಳಿಸಿಕೊಂಡರೆ ಇದನ್ನು ತಡೆಯಬಹುದು.

ಹೀಗಾಗಿ ನನ್ನ ಆಯ್ಕೆ ಕೆಲಸವನ್ನು ನೋಡಿಕೊಂಡು ಬದಲಾಗುತ್ತದೆ. ಡೈಆಕ್ಸೈಡ್ ಹೆಚ್ಚಿರುವ, ಆಕ್ಸಿಜನ್ ಕಡಿಮೆಯಿರುವ, ಬೆಚ್ಚಗಿನ ಹೊಗೆಗೆ ತುಂಬಿದ ಪಿಇಐಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಹಿಡಿತದ ಪ್ರಮಾಣವೇ ಮುಖ್ಯ. ಆದರೆ ಆ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ ಅಮೀನ್ ಅದನ್ನು ಹಿಡಿದು ಸುಲಭವಾಗಿ ಬಿಡುವುದಿಲ್ಲ, ಅದನ್ನು ಮೊದಲೇ ತೆಗೆದಿರಬೇಕು. ಹತ್ತು ಲಕ್ಷ ಭಾಗದಲ್ಲಿ 420ಕ್ಕೂ ಸ್ವಲ್ಪ ಹೆಚ್ಚು ಭಾಗ ಮಾತ್ರ ಡೈಆಕ್ಸೈಡ್ ಇರುವ ಬರಿಯ ಗಾಳಿಗೆ, ಅದೂ ನಮ್ಮ ಮಳೆಗಾಲದ ಗಾಳಿಗೆ, ಕಡಿಮೆ ಹಿಡಿದರೂ ತಿಂಗಳುಗಟ್ಟಲೆ ಹಾಗೆಯೇ ಉಳಿಯುವ ಕಸಿ ಸಿಲಿಕಾವೇ ನನಗೆ ಬೇಕು. 13ಎಕ್ಸ್ ಪುಡಿಯನ್ನು ಡೈಆಕ್ಸೈಡಿನ ಕೆಲಸದಿಂದ ಬಿಡಿಸಿದ್ದೇನೆ. ಅದು ಈಗ ನೈಟ್ರೋಜನ್ ಸಿಲಿಂಡರಿನ ಮುಂದೆ ಗಾಜಿನ ಕೊಳವೆಯೊಂದರಲ್ಲಿ ಕುಳಿತು, ಒಣ ಪ್ರಯೋಗಗಳಿಗೆ ಹೋಗುವ ಅನಿಲದಲ್ಲಿ ಉಳಿದ ನೀರನ್ನು ಹಿಡಿಯುತ್ತಿದೆ.